ದುಡುಕಿಗೆ ಮುಂಚಿನ ಹತ್ತು ನಿಮಿಷ

ನಾನು ಆಪ್ತಸಮಾಲೋಚಕಿ. ಬರುವ ಗಂಡಸರಲ್ಲಿ "ನನಗೆ ಭಯ ಆಗುತ್ತೆ" ಅಂತ ಬಾಯಿಬಿಟ್ಟು ಹೇಳುವವರು ತುಂಬಾ ಕಡಿಮೆ. "ಇವರಿಗೆ ಮೂಗಿನ ತುದಿಯಲ್ಲೇ ಕೋಪ ಮೇಡಂ" ಅಂತ ಹೆಂಡತಿಯೇ ಕರೆದುಕೊಂಡು ಬಂದಿರುತ್ತಾರೆ. ಇದ್ದಕ್ಕಿದ್ದಂತೆ ಕೆಲಸ ಬಿಟ್ಟಿರುತ್ತಾರೆ, ಮಾತೆತ್ತಿದರೆ ಡಿವೋರ್ಸ್ ಅಂತಾರೆ. ಮನೆಯವರಿಗೆ ಅದು ಸೊಕ್ಕು. ನನಗೆ ಎಷ್ಟೋ ಸಲ ಅದರ ಅಡಿಯಲ್ಲಿ ಆತಂಕ ಕಂಡಿದೆ.

"ಯಾಕೆ ಹಾಗೆ ಮಾಡಿದ್ರಿ?" ಅಂತ ನಾನು ಕೇಳುವುದಿಲ್ಲ. ಆ ಪ್ರಶ್ನೆ ಮನೆಯಲ್ಲಿ ಆಗಲೇ ನೂರು ಸಲ ಆಗಿರುತ್ತೆ. ಖಾಲಿ ಹಾಳೆ ಮೇಲೆ ಒಂದು ಅಡ್ಡಗೆರೆ ಎಳೆಯುತ್ತೇನೆ. ಬಲತುದಿಯಲ್ಲಿ ಅವರು ಮಾಡಿದ ಕೆಲಸ ಬರೆದು, "ಅದಕ್ಕೆ ಮುಂಚಿನ ಹತ್ತು ನಿಮಿಷ ಏನೇನಾಯ್ತು, ಹಿಂದಕ್ಕೆ ಹೋಗ್ತಾ ಹೇಳಿ" ಅನ್ನುತ್ತೇನೆ.

ಒಬ್ಬರ ವಿಷಯ ಹೇಳುತ್ತೇನೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಹೆಂಡತಿ ಫೋನ್ ತೆಗೆಯಲಿಲ್ಲ. ಇವರು ಕಳಿಸಿದ ಮೆಸೇಜ್ ಸಾಲಾಗಿ ಹೀಗಿತ್ತು: "ಎಲ್ಲಿದ್ದೀಯ?" "ಫೋನ್ ತೆಗಿ." "ಬೇಕಂತಲೇ ತೆಗೀತಿಲ್ಲ ಅಲ್ವಾ?" "ನಿಮ್ಮ ಅಣ್ಣನಿಗೇ ಹೇಳ್ತೀನಿ." ಹೇಳಿಯೂಬಿಟ್ಟರು. ಊರೆಲ್ಲ ಗೊತ್ತಾಯಿತು, ಹೆಂಡತಿ ತವರಿಗೆ ಹೋದರು.

ಗೆರೆಯ ಎಡಭಾಗ ತುಂಬಿಸುತ್ತಾ ಹೋದಾಗ ಬೇರೆಯದೇ ಕಥೆ ಹೊರಬಂತು. ಮೊದಲು ಹೊಟ್ಟೆ ತೊಳಸಿದ ಹಾಗಾಯಿತು, ಎದೆ ಡವಡವ, ಅಂಗೈ ಬೆವರು. "ಆಕ್ಸಿಡೆಂಟ್ ಆಯ್ತೇನೋ" ಅನ್ನುವ ಯೋಚನೆ. ಅದರ ಬೆನ್ನಿಗೇ "ನನ್ನ ಬಿಟ್ಟು ಹೋಗ್ತಾಳೆ." ಕೋಪ ಬಂದಿದ್ದು ಕೊನೆಗೆ. ಭಾವನಿಗೆ ಫೋನ್ ಮಾಡಿದ ಮೇಲೆ ಹೇಗನಿಸಿತು ಅಂತ ಕೇಳಿದೆ. "ಆ ಕ್ಷಣ ಹಗುರ ಆಯ್ತು ಮೇಡಂ" ಅಂದರು.

ಗಂಟು ಇರುವುದು ಆ ಹಗುರದಲ್ಲೇ. ಆತಂಕ ತಡೆಯಲಾಗದೆ ಏನೋ ಒಂದು ಮಾಡಿಬಿಟ್ಟರೆ ಎರಡು ನಿಮಿಷ ನೆಮ್ಮದಿ ಸಿಗುತ್ತೆ. ಮುಂದಿನ ಸಲ ಮನಸ್ಸು ಅದೇ ದಾರಿ ಹಿಡಿಯುತ್ತೆ. ಆಮೇಲೆ ಹೆಂಡತಿ ಮುನಿಸಿಕೊಂಡು ಮಾತು ಬಿಡುತ್ತಾರೆ, ಆತಂಕ ಇನ್ನೂ ಜಾಸ್ತಿಯಾಗುತ್ತೆ. ಅಮೆರಿಕದ ಮನೋವಿಜ್ಞಾನಿಗಳಾದ ವೈಟ್‌ಸೈಡ್ ಮತ್ತು ಲೈನಮ್ 2001ರಲ್ಲಿ ದುಡುಕನ್ನು 4 ಎಳೆಗಳಾಗಿ ಬಿಡಿಸಿ ತೋರಿಸಿದರು. ಸಂಕಟದ ಹೊತ್ತಲ್ಲಿ ತಕ್ಷಣ ಏನಾದರೂ ಮಾಡಲೇಬೇಕು ಅನ್ನುವ ತವಕ ಅದರಲ್ಲಿ ಒಂದು. ಸಾಹಸಕ್ಕಾಗಿ ದುಡುಕುವವರಿಗೂ ಇವರಿಗೂ ತುಂಬಾ ವ್ಯತ್ಯಾಸವಿದೆ. "ಸ್ವಲ್ಪ ತಾಳ್ಮೆ ಇಟ್ಕೊಳ್ಳಿ" ಅನ್ನುವ ಬುದ್ಧಿಮಾತು ಇವರಿಗೆ ನಾಟದಿರುವುದೂ ಅದಕ್ಕೇ.

ಹಾಗಾಗಿ ಕೆಲಸ ಶುರು ಮಾಡಿದ್ದು ದೇಹದಿಂದ. ಹೊಟ್ಟೆ ತೊಳಸಿದ ತಕ್ಷಣ ಫೋನ್ ಬೇರೆ ಕೋಣೆಯಲ್ಲಿಡಬೇಕು, ಮುಖಕ್ಕೆ ತಣ್ಣೀರು ಹಾಕಿಕೊಳ್ಳಬೇಕು, ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದು ನಿಧಾನವಾಗಿರಬೇಕು. ಕಳಿಸಬೇಕು ಅನಿಸಿದ್ದನ್ನೆಲ್ಲ ಹಾಳೆಯಲ್ಲಿ ಬರೆಯಬಹುದು, 20 ನಿಮಿಷ ಕಳಿಸುವ ಹಾಗಿಲ್ಲ. ಕೆರಳಿದ ದೇಹ ತಣ್ಣಗಾಗಲು ಅಷ್ಟಾದರೂ ಹೊತ್ತು ಬೇಕು.

ಇಬ್ಬರೂ ಸೇರಿ ಮಾಡಿಕೊಂಡ ಒಪ್ಪಂದ ನನ್ನ ಪ್ರಕಾರ ಅದಕ್ಕಿಂತ ಮುಖ್ಯ. ಜಗಳದ ಮಧ್ಯೆ ಸುಮ್ನೆ ಎದ್ದು ಹೋಗಬಾರದು. "ಈಗ ಆಗಲ್ಲ, 8 ಗಂಟೆಗೆ ಮಾತಾಡೋಣ" ಅಂತ ಹೇಳಿ ಹೋಗಬೇಕು, 8ಕ್ಕೆ ಬಂದು ಕೂರಲೇಬೇಕು. ಹೆಂಡತಿ ಪ್ರತಿ ಮೆಸೇಜ್‌ಗೂ ಸಮಾಧಾನ ಹೇಳುತ್ತಾ ಕೂರುವುದು ಬೇಡ ಅಂತಲೂ ಹೇಳಿದೆ. ಆ ಸಮಾಧಾನವೂ ಅದೇ ಎರಡು ನಿಮಿಷದ ಹಗುರ, ಅಲ್ವಾ?

ಹೆಂಡತಿಯರ ಜೊತೆ ನಾನು ಒಂದು ಸಲವಾದರೂ ಒಬ್ಬರೇ ಇದ್ದಾಗ ಮಾತಾಡುತ್ತೇನೆ. ಗಂಡ ಕೈ ಮಾಡಿದರೆ, ಹೆದರಿಸಿದರೆ ಅದಕ್ಕೆ ಆತಂಕದ ನೆಪ ಕೊಡುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಮೊದಲ ಮಾತು ಆಕೆಯ ಸುರಕ್ಷತೆಯದು.

ಎಲ್ಲ ದುಡುಕೂ ಆತಂಕದ್ದಲ್ಲ. 12 ವರ್ಷ ವಯಸ್ಸಾಗುವುದಕ್ಕೂ ಮುಂಚಿನಿಂದ ಗಮನ ನಿಲ್ಲದಿರುವುದು, ಕೂತಲ್ಲಿ ಕೂರದಿರುವುದು ಇದ್ದರೆ ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಇರಬಹುದು. ಅದರ ಜೊತೆ ಆತಂಕವೂ ಇರುವುದು ಸಾಮಾನ್ಯ. ದಿನಗಟ್ಟಲೆ ನಿದ್ದೆ ಇಲ್ಲದಿದ್ದರೂ ಸುಸ್ತಾಗದೆ, ಹಣ ನೀರಿನಂತೆ ಖರ್ಚು ಮಾಡುತ್ತಿದ್ದರೆ ಅದು ಬೈಪೋಲಾರ್, ಅಂದರೆ ಮನಸ್ಥಿತಿ ವಿಪರೀತ ಏರಿಳಿಯುವ ಕಾಯಿಲೆ ಆಗಿರಬಹುದು. ಇಂಥವರನ್ನು ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ಯಾರನ್ನು ಕೇಳಬೇಕು ಅಂತಲೇ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.