ಒಬ್ಬರೇ ಪೋಷಕರಿರುವ ಮನೆಯಿಂದ ಕಾಲೇಜಿಗೆ: ಮನಸ್ಸನ್ನು ಅಣಿಗೊಳಿಸಿಕೊಳ್ಳುವ ಬಗೆ

ತಂದೆಯೋ ತಾಯಿಯೋ ಒಬ್ಬರೇ ನಿಮ್ಮನ್ನು ಬೆಳೆಸಿದ್ದರೆ, ಅದು ತನ್ನಷ್ಟಕ್ಕೆ ಮಾನಸಿಕ ಸಮಸ್ಯೆಯಲ್ಲ ಎಂಬುದನ್ನು ಮೊದಲು ತಿಳಿಯಿರಿ. ವಿಚ್ಛೇದಿತ ಕುಟುಂಬಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇವಿಸ್ ಹೆದರಿಂಗ್ಟನ್ ಅವರು, ಅಂತಹ ಮಕ್ಕಳಲ್ಲಿ ಸುಮಾರು ಶೇ. 25ರಷ್ಟು ಮಂದಿ ಗಂಭೀರ ತೊಂದರೆ ಅನುಭವಿಸಿದರೂ (ಇತರ ಕುಟುಂಬಗಳಲ್ಲಿ ಶೇ. 10) ಬಹುಪಾಲು ಮಕ್ಕಳು ಚೆನ್ನಾಗಿಯೇ ಹೊಂದಿಕೊಂಡರೆಂದು ಕಂಡುಕೊಂಡರು.

ಹೆಚ್ಚು ಗಮನ ಬೇಡುವುದು ಹೊಣೆಯ ಭಾರ. ಚಿಕ್ಕಂದಿನಿಂದಲೇ ಮನೆಯಲ್ಲಿ ಹಿರಿಯರ ಪಾತ್ರ ವಹಿಸಿದವರಿಗೆ, ಓದಲು ದೂರ ಬಂದಾಗ, ತಂದೆಯನ್ನೋ ತಾಯಿಯನ್ನೋ ಒಂಟಿಯಾಗಿ ಬಿಟ್ಟು ಬಂದೆನೆಂಬ ತಪ್ಪಿತಸ್ಥ ಭಾವನೆ ಕಾಡುವುದುಂಟು. ಆದ್ದರಿಂದ ಫೋನ್ ಮಾಡುವ ಹೊತ್ತನ್ನು ಇಬ್ಬರೂ ಮಾತಾಡಿ ಗೊತ್ತುಪಡಿಸಿಕೊಳ್ಳಿ, ಹಣದ ಸ್ಥಿತಿಯನ್ನು ಊಹಿಸುತ್ತ ಕೊರಗದೆ ನೇರವಾಗಿ ಕೇಳಿ ತಿಳಿಯಿರಿ, ಅವರ ಬೇಸರವನ್ನೆಲ್ಲ ನೀಗಿಸುವುದು ನಿಮ್ಮ ಕೆಲಸವಲ್ಲವೆಂದು ಒಪ್ಪಿಕೊಳ್ಳಿ. ಈ ಕೊನೆಯದು ಹೇಳಿದಷ್ಟು ಸುಲಭವಲ್ಲ. ಪೋಷಕರು ಬೇರ್ಪಟ್ಟಿದ್ದರೆ, ಒಬ್ಬರ ದೂರನ್ನು ಇನ್ನೊಬ್ಬರಿಗೆ ಮುಟ್ಟಿಸುವ ಮಧ್ಯವರ್ತಿಯಾಗಲು ವಿನಯದಿಂದಲೇ ನಿರಾಕರಿಸಿ; ಮಕ್ಕಳನ್ನು ಬಳಲಿಸುವುದು ಬೇರ್ಪಡೆಗಿಂತ ಹೆಚ್ಚಾಗಿ ಮುಗಿಯದ ಜಗಳವೇ.

ಮನೆಯ ಸಂಗತಿಯನ್ನು ಸಹಪಾಠಿಗಳೆಲ್ಲರಿಗೂ ವಿವರಿಸಬೇಕಿಲ್ಲ. ನಂಬಿಕಸ್ಥ ಗೆಳೆಯರೊಬ್ಬರೋ ಅಧ್ಯಾಪಕರೊಬ್ಬರೋ ಸಾಕು. ನಿದ್ರೆ, ಹಸಿವು, ಓದಿನ ಆಸಕ್ತಿ ಎರಡು ವಾರಕ್ಕೂ ಮೀರಿ ಕುಗ್ಗಿದ್ದರೆ ಕಾಲೇಜಿನ ಆಪ್ತಸಮಾಲೋಚಕರನ್ನು ಕಾಣಿರಿ. ಬದುಕೇ ಬೇಡವೆನಿಸಿದರೆ ಒಂದು ದಿನವೂ ಕಾಯದೆ ನೆರವು ಕೇಳಿ.