ಕೆನೆಯಿಲ್ಲದ ಗ್ರಾತಾಂ: ಗೋಡಂಬಿ, ಹೂಕೋಸು ಮತ್ತು ತೊಳೆಯದ ಆಲೂಗಡ್ಡೆ

ಗ್ರಾತಾಂ ದೋಫಿನ್ವಾ ಎಂದರೆ ಆಲೂಗಡ್ಡೆ ಬಿಲ್ಲೆಗಳನ್ನು ಕೆನೆಯಲ್ಲಿ ನೆನೆಸಿ ಓವನ್ನಿನಲ್ಲಿ ಬೇಯಿಸುವ ಫ್ರೆಂಚ್ ಅಡುಗೆ. ಅದಕ್ಕೆ ಬೇಕಾದದ್ದು ಆಲೂಗಡ್ಡೆ, ಕೆನೆ, ಹಾಲು, ಬೆಳ್ಳುಳ್ಳಿ, ಉಪ್ಪು, ಪಾತ್ರೆಗೆ ಸವರಲು ಬೆಣ್ಣೆ, ಚೂರು ಜಾಯಿಕಾಯಿ. ಅಷ್ಟೇ. ನಮ್ಮ ಹೋಟೆಲುಗಳ ಮೆನುವಿನಲ್ಲಿ ‘ಗ್ರಾಟಿನ್’ ಅಂತ ಇರುವ, ಮೈದಾ ಹಾಕಿದ ಬಿಳಿ ಸಾಸಿನ ಮೇಲೆ ಚೀಸ್ ಸುರಿದ ತಿನಿಸು ಬೇರೆಯದೇ. ದೋಫಿನ್ವಾ ಫ್ರಾನ್ಸಿನ ಆಗ್ನೇಯ ಮೂಲೆಯ, ಗ್ರೆನೋಬ್ಲ್ ಸುತ್ತಲಿನ ದೋಫಿನೆ ಪ್ರಾಂತದ್ದು. ದಾಖಲೆಯಲ್ಲಿ ಹೆಸರು ಮೊದಲು ಸಿಗುವುದು 1788ರ ಜುಲೈ 12ರಂದು, ಗಾಪ್ ಪಟ್ಟಣದ ಅಧಿಕಾರಿಗಳಿಗೆ ಕ್ಲೆರ್ಮೋಂ-ತೊನೇರ್‌ನ ಡ್ಯೂಕ್ ಕೊಟ್ಟ ಊಟದಲ್ಲಿ. ಸಂಪ್ರದಾಯ ಬಿಡದವರು ಇವತ್ತಿಗೂ ಇದಕ್ಕೆ ಚೀಸ್ ಮತ್ತು ಮೊಟ್ಟೆ ಸೇರಿಸಲು ಒಪ್ಪುವುದಿಲ್ಲ. ನನಗಂತೂ ಅದು ಅನುಕೂಲವೇ ಆಯಿತು. ಚೀಸಿನ ನಕಲು ಹುಡುಕುವ ಗೋಜಿಲ್ಲ, ಕೆನೆಯೊಂದನ್ನು ಕೈಬಿಟ್ಟರೆ ಆಯಿತು.

ಕೆನೆಯ ಬದಲು ಏನು ಹಾಕಲಿ ಎಂದು ಕೇಳುವ ಮೊದಲು ಅದು ಅಲ್ಲಿ ಏನು ಮಾಡುತ್ತಿದೆ ಎಂದು ನೋಡಬೇಕು. ಬರೀ ಹಾಲನ್ನು ಆಲೂಗಡ್ಡೆಯ ಜೊತೆ ಒಂದು ಗಂಟೆ ಓವನ್ನಿನಲ್ಲಿಟ್ಟರೆ ಅದು ಒಡೆದು ಗಸಿಯಾಗುತ್ತದೆ. ಕೆನೆಯಲ್ಲಿ ಕೊಬ್ಬು ಹೆಚ್ಚಾದ್ದರಿಂದ ಹಾಗಾಗುವುದಿಲ್ಲ. ಬೆಳ್ಳುಳ್ಳಿಯ ಘಮವನ್ನು ಆ ಕೊಬ್ಬು ಎಳೆದುಕೊಂಡು ಎಲ್ಲ ಪದರಗಳಿಗೂ ಮುಟ್ಟಿಸುತ್ತದೆ. ಮೇಲ್ಭಾಗ ಕೆಂಪಗಾಗುವುದಕ್ಕೂ ಹಾಲಿನ ಪ್ರೋಟೀನು, ಸಕ್ಕರೆಯೇ ಕಾರಣ. ಆದರೆ ಎಲ್ಲವನ್ನೂ ಹಿಡಿದು ನಿಲ್ಲಿಸುವ ಗಟ್ಟಿತನ ಕೆನೆಯದ್ದಲ್ಲ, ಆಲೂಗಡ್ಡೆಯ ಪಿಷ್ಟದ್ದು. ಇದು ತಲೆಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ಫ್ರೆಂಚರಲ್ಲೇ ‘ಬೂಲಾಂಜೇರ್’ ಎಂಬ ಆಲೂಗಡ್ಡೆ ಇದೆ: ಈರುಳ್ಳಿ, ಆಲೂಗಡ್ಡೆ, ಸಾರಿನ ತಿಳಿ, ಅಷ್ಟರಲ್ಲೇ ಬೇಯುತ್ತದೆ, ಕೆನೆಯ ಸುಳಿವಿಲ್ಲ. ಪಕ್ಕದ ಸಾವೋಯ್‌ನವರೂ ತಮ್ಮ ಗ್ರಾತಾಂಗೆ ಚೀಸ್ ಹಾಕಿದರೂ ಹಾಲಿನ ಬದಲು ತಿಳಿಸಾರು ಬಳಸುತ್ತಾರೆ.

ಈಗ ಅಳತೆ. 20×25 ಸೆಂ.ಮೀ. ಅಗಲದ, 5 ಸೆಂ.ಮೀ. ಆಳದ ಗಾಜಿನ ಅಥವಾ ಪಿಂಗಾಣಿ ಪಾತ್ರೆಗೆ, ಆರು ಜನಕ್ಕೆ: ಸಿಪ್ಪೆ ತೆಗೆದ ಮೇಲೆ ತೂಗಿದ ಆಲೂಗಡ್ಡೆ 1 ಕೆ.ಜಿ.; ಗೋಡಂಬಿ 60 ಗ್ರಾಂ (ತುಂಡು ಗೋಡಂಬಿ ಸಾಕು, ಹೇಗೂ ರುಬ್ಬುವುದು); ಹೂಕೋಸಿನ ಹೂ ಮಾತ್ರ 200 ಗ್ರಾಂ; ನೀರು ಬೇಯಿಸಲು 450 ಮಿ.ಲೀ., ರುಬ್ಬಲು 150 ಮಿ.ಲೀ.; ಬೆಳ್ಳುಳ್ಳಿ ನಾಲ್ಕು ಎಸಳು; ಉಪ್ಪು 14 ಗ್ರಾಂ, ಅಂದರೆ ಮಟ್ಟಸವಾದ 2 ಟೀ ಚಮಚಕ್ಕಿಂತ ತುಸು ಜಾಸ್ತಿ; ವಾಸನೆ ಇಲ್ಲದ ಎಣ್ಣೆ 1 ದೊಡ್ಡ ಚಮಚ; ಥೈಮ್ ಎರಡು ಕಡ್ಡಿ; ಬಿಳಿ ಮೆಣಸಿನ ಪುಡಿ ಅರ್ಧ ಟೀ ಚಮಚ; ಜಾಯಿಕಾಯಿ ತುರಿದರೆ ಎರಡು ಚಿಟಿಕೆ.

ಒಂದು ಕೆ.ಜಿ. ಆಲೂಗಡ್ಡೆಗೆ ಸಾಮಾನ್ಯವಾಗಿ ಅರ್ಧ ಲೀಟರ್ ಕೆನೆ ಹೋಗುತ್ತದೆ. ಕೆನೆಯಲ್ಲಿ ಶೇ. 30ರಿಂದ 35 ಕೊಬ್ಬು ಎಂದರೆ ಅಲ್ಲಿಗೇ 150 ಗ್ರಾಂ ದಾಟಿತು. ಹಾಲು, ಬೆಣ್ಣೆ ಬೇರೆ. ಮೇಲಿನ ಅಳತೆಯಲ್ಲಿ ಗೋಡಂಬಿಯಿಂದ 26 ಗ್ರಾಂ, ಎಣ್ಣೆಯಿಂದ 14 ಗ್ರಾಂ ಸೇರಿ 40ರ ಆಸುಪಾಸು. ಹೂಕೋಸು ಇಲ್ಲದೆ ಬರೀ ಗೋಡಂಬಿಯಲ್ಲೇ ಮಾಡಬೇಕೆಂದರೆ 120 ಗ್ರಾಂ ಬೇಕು. ರುಚಿ ಚೆನ್ನಾಗಿಯೇ ಇರುತ್ತದೆ, ಆದರೆ ಹಗುರ ಎನ್ನುವ ಮಾತು ಅಲ್ಲಿಗೆ ಮುಗಿಯಿತು.

ಆಲೂಗಡ್ಡೆಯ ಆಯ್ಕೆಯಲ್ಲಿ ಅತಿ ಹೊಸದೂ ಬೇಡ, ಬೆಂದ ಕೂಡಲೇ ಹಿಟ್ಟಿನಂತೆ ಉದುರುವುದೂ ಬೇಡ. ಫ್ರಾನ್ಸಿನಲ್ಲಿ ಇದಕ್ಕೆ ಮೊನಾಲಿಸಾದಂಥ ತಳಿ, ಇಲ್ಲವೇ ಇನ್ನಷ್ಟು ಗಟ್ಟಿ ಬೇಕಾದವರು ಶಾರ್ಲೊಟ್ ಹಿಡಿಯುತ್ತಾರೆ. ಹಾಸನದ ಕಡೆ ಬೆಳೆಯುವ ಕುಫ್ರಿ ಜ್ಯೋತಿ ನಡುವಿನದು, ಸಾಕಾಗುತ್ತದೆ. ತೀರಾ ಎಳೆಯ ಗಡ್ಡೆಯಲ್ಲಿ ಪಿಷ್ಟ ಕಡಿಮೆ, ರಸ ನೀರಾಗಿ ಉಳಿಯುತ್ತದೆ. ಫ್ರಿಜ್ಜಿನಲ್ಲಿಟ್ಟದ್ದನ್ನು ಮಾತ್ರ ಬಳಸಬೇಡಿ. ತಣ್ಣಗೆ ಇಟ್ಟ ಗಡ್ಡೆಯಲ್ಲಿ ಪಿಷ್ಟ ಸಕ್ಕರೆಯಾಗಿ ತಿರುಗಿ, ಒಳಗೆ ಸಿಹಿ ಸಿಹಿ, ಮೇಲೆ ಬೇಯುವ ಮೊದಲೇ ಕಪ್ಪು.

ಗೋಡಂಬಿಯನ್ನು ಕುದಿಯುವ ನೀರಿನಲ್ಲಿ ಅರ್ಧ ಗಂಟೆ ನೆನೆಸುತ್ತೇನೆ. ಹೂಕೋಸನ್ನು ಹಬೆಯಲ್ಲಿ ಚೆನ್ನಾಗಿ, ಅಂದರೆ ಬೆರಳಲ್ಲಿ ಒತ್ತಿದರೆ ಮುದ್ದೆಯಾಗುವಷ್ಟು ಬೇಯಿಸಬೇಕು. ನೀರಲ್ಲಿ ಬೇಯಿಸಿದರೆ ಹೂ ನೀರು ಕುಡಿದು ಲೆಕ್ಕ ತಪ್ಪುತ್ತದೆ. ನೆನೆಸಿದ ನೀರು ಚೆಲ್ಲಿ, ಗೋಡಂಬಿಯನ್ನು ಚಿಕ್ಕ ಜಾರಿಗೆ ಹಾಕಿ, 150 ಮಿ.ಲೀ. ನೀರಿನಲ್ಲಿ ಮೂರು ದೊಡ್ಡ ಚಮಚದಷ್ಟು ಮಾತ್ರ ಹಾಕಿ ಮೊದಲು ರುಬ್ಬಿ. ಗಟ್ಟಿಯಾಗಿದ್ದಾಗಲೇ ಅದು ನುಣ್ಣಗಾಗುವುದು. ನೀರು ಪೂರ್ತಿ ಒಮ್ಮೆಲೇ ಸುರಿದರೆ ತರಿ ಬ್ಲೇಡಿಗೆ ಸಿಗದೆ ತೇಲಾಡುತ್ತದೆ. ಮಧ್ಯೆ ಮಧ್ಯೆ ನಿಲ್ಲಿಸಿ ಒಟ್ಟು ಮೂರು ನಿಮಿಷ. ಒಂದು ಹನಿಯನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿ, ರವೆಯಂತೆ ಏನಾದರೂ ಸಿಕ್ಕರೆ ಇನ್ನೂ ಆಗಿಲ್ಲ. ಆಮೇಲೆ ಹೂಕೋಸು, ಉಳಿದ ನೀರು, ಎಣ್ಣೆ ಸೇರಿಸಿ ಮತ್ತೊಂದು ನಿಮಿಷ. ಸೋಸುವುದು ಬೇಡ. ಈ ಮಿಶ್ರಣದಲ್ಲಿ ನಾಲ್ಕು ದೊಡ್ಡ ಚಮಚ ಬೇರೆ ತೆಗೆದಿಡಿ, ಕೊನೆಯಲ್ಲಿ ಬೇಕು.

ಗೋಡಂಬಿ ಹಾಲಿಗೆ ನಿಂಬೆರಸ ಹಿಂಡುವ ಅಭ್ಯಾಸ ಬಹಳ ಜನಕ್ಕಿದೆ. ಇಲ್ಲಿ ಅದು ಸಲ್ಲದು. ಹುಳಿಯಲ್ಲಿ ಆಲೂಗಡ್ಡೆ ಮೆತ್ತಗಾಗುವುದಿಲ್ಲ. ಎರಡು ಗಂಟೆ ಇಟ್ಟರೂ ಕಚ್ಚಿದಾಗ ಕರುಕ್ ಎನ್ನುತ್ತದೆ. ಕ್ಯಾಲ್ಸಿಯಂ ಕೂಡ ಇದೇ ಕೆಲಸ ಮಾಡುತ್ತದೆ, ಗಡ್ಡೆಯ ಕೋಶಗಳನ್ನು ಅಂಟಿಸಿಡುವ ಪೆಕ್ಟಿನ್ನನ್ನು ಬಿಗಿ ಮಾಡುತ್ತದೆ. ಡಬ್ಬದ ಸೋಯಾ, ಬಾದಾಮಿ ಹಾಲುಗಳಿಗೆ ಹೆಚ್ಚಾಗಿ ಕ್ಯಾಲ್ಸಿಯಂ ಸೇರಿಸಿರುತ್ತಾರೆ, ಹಾಗಾಗಿ ಅವುಗಳಲ್ಲೇ ಬೇಯಿಸಲು ಹೋದವರು ಬೇಯದ ಆಲೂಗಡ್ಡೆ ತಿನ್ನುತ್ತಾರೆ. ಬೋರ್‌ವೆಲ್ಲಿನ ಗಡಸು ನೀರೂ ಅಷ್ಟೇ. ಫಿಲ್ಟರ್ ನೀರು ಬಳಸಿ. ತೆಂಗಿನ ಹಾಲು ಹಾಕಬಹುದೇ ಎಂದರೆ ಹಾಕಬಹುದು. ಆಗ ನೀವು ಮಾಡಿದ್ದು ಕೇರಳದ ‘ಇಷ್ಟು’ (ಸ್ಟ್ಯೂ), ಅದೂ ತುಂಬ ಒಳ್ಳೆಯ ಅಡುಗೆ.

ಬಿಲ್ಲೆ 3 ಮಿ.ಮೀ. ದಪ್ಪ. ಚಿಪ್ಸ್ ಕೊರೆಯುವ ಮಣೆಯಲ್ಲಿ ಇದು ಸಾಮಾನ್ಯವಾಗಿ ದಪ್ಪದ ಅಲಗು. ತೆಳು ಅಲಗಿನಲ್ಲಿ ಕೊರೆದರೆ ಪದರಗಳು ಕರಗಿ ಪಲ್ಯದ ಮುದ್ದೆಯಾಗುತ್ತದೆ. ಗಡ್ಡೆಯನ್ನು ತೊಳೆಯುವುದು, ನೀರಲ್ಲಿಡುವುದು ಎಲ್ಲ ಇಡಿಯಾಗಿದ್ದಾಗಲೇ. ಕೊರೆದ ಮೇಲೆ ನೀರು ಸೋಕಬಾರದು. ನಮ್ಮ ಕೈಗೆ ಆಲೂಗಡ್ಡೆ ಹೆಚ್ಚಿದ ಕೂಡಲೇ ನೀರಿಗೆ ಹಾಕುವುದು ರೂಢಿ, ಅದನ್ನು ತಡೆಯುವುದೇ ಕಷ್ಟ. ತಟ್ಟೆಯಲ್ಲಿ ಬಿಳಿಯಾಗಿ ಕೂರುವ ಆ ಗಸಿಯೇ ಇಲ್ಲಿ ಕೆನೆಯ ಕೆಲಸ ಮಾಡಬೇಕಾದದ್ದು. ಕಪ್ಪಾಗುವ ಚಿಂತೆಯಿದ್ದರೆ ನೇರವಾಗಿ ಪಾತ್ರೆಯೊಳಗೇ ಕೊರೆಯಿರಿ.

ಅಗಲ ಬಾಯಿಯ, ದಪ್ಪ ತಳದ ಪಾತ್ರೆಯಲ್ಲಿ 450 ಮಿ.ಲೀ. ನೀರು, ಉಪ್ಪು, ಜಜ್ಜಿದ ಮೂರು ಎಸಳು ಬೆಳ್ಳುಳ್ಳಿ, ಥೈಮ್ ಹಾಕಿ ಕುದಿಸಿ, ಬಿಲ್ಲೆಗಳನ್ನು ಸೇರಿಸಿ, ಸಣ್ಣ ಉರಿಯಲ್ಲಿ 6–7 ನಿಮಿಷ. ನೀರು ಗಡ್ಡೆಗೆ ಪೂರ್ತಿ ಮುಳುಗುವಷ್ಟಿರುವುದಿಲ್ಲ, ಆದ್ದರಿಂದ ಮುಚ್ಚಳವಿರಲಿ. ಸೌಟು ಹಾಕಿ ತಿರುವಬೇಡಿ, ಎರಡು ಸಲ ಪಾತ್ರೆಯನ್ನೇ ಹಿಡಿದು ಕುಲುಕಿ. ಬಿಲ್ಲೆ ಬಾಗಬೇಕು, ಮುರಿಯಬಾರದು. ಅಷ್ಟರಲ್ಲಿ ನೀರು ತೆಳು ಗಂಜಿಯಂತಾಗಿ ಸೌಟಿನ ಬೆನ್ನಿಗೆ ಅಂಟುತ್ತದೆ. ಉರಿ ಆರಿಸಿದ ಮೇಲೆಯೇ ಗೋಡಂಬಿ ಮಿಶ್ರಣ, ಮೆಣಸು, ಜಾಯಿಕಾಯಿ. ಗೋಡಂಬಿಯಲ್ಲೂ ಪಿಷ್ಟ ಇದೆ. ಒಲೆಯ ಮೇಲೆ ಅದು ಕಣ್ಣು ಮಿಟುಕಿಸುವುದರೊಳಗೆ ತಳ ಹಿಡಿಯುತ್ತದೆ, ಸೀದ ವಾಸನೆ ಇಡೀ ಪಾತ್ರೆಗೆ ಹರಡಿದರೆ ಯಾವ ಜಾಯಿಕಾಯಿಯೂ ಮುಚ್ಚಲಾರದು. ಈ ಹಂತದಲ್ಲಿ ರಸವನ್ನು ನೆಕ್ಕಿ ನೋಡಿದಾಗ ಉಪ್ಪು ಒಂದು ಗೀಟು ಮುಂದಿರಬೇಕು. ಬೇಯುತ್ತಾ ಗಡ್ಡೆ ಅದನ್ನು ಎಳೆದುಕೊಳ್ಳುತ್ತದೆ.

ಫ್ರೆಂಚ್ ಅಡುಗೆಯಲ್ಲಿ ಥೈಮ್ ಜೊತೆ ಲಾರೆಲ್ ಎಲೆಯೂ ಹೋಗುವುದುಂಟು. ಅದರ ಬದಲು ನಮ್ಮ ಪಲಾವ್ ಎಲೆ ಹಾಕಬೇಡಿ. ಅದು ದಾಲ್ಚಿನ್ನಿಯ ಬಳಗದ್ದು, ಘಮವೇ ಬೇರೆ. ಥೈಮ್ ಸಿಗದಿದ್ದರೆ ಬಿಟ್ಟುಬಿಡಿ, ಬೆಳ್ಳುಳ್ಳಿ ಒಂದೇ ಸಾಕು.

ಉಳಿದ ಎಸಳನ್ನು ಸೀಳಿ ಓವನ್ ಪಾತ್ರೆಯ ಒಳಮೈಗೆಲ್ಲ ತಿಕ್ಕಿ, ತುಸು ಎಣ್ಣೆ ಸವರಿ, ಎಲ್ಲವನ್ನೂ ಸುರಿಯಿರಿ. ಮೇಲಿನ ಒಂದು ಪದರವನ್ನು ಮಾತ್ರ ಕೈಯಲ್ಲಿ ಒಂದರ ಮೇಲೊಂದು ಒರಗುವಂತೆ ಜೋಡಿಸಿದರೆ ಸಾಕು, ಒಳಗಿನದನ್ನು ಯಾರೂ ನೋಡುವುದಿಲ್ಲ. ಅಂಗೈಯಲ್ಲಿ ಒತ್ತಿದಾಗ ರಸ ಬಿಲ್ಲೆಗಳ ನಡುವೆ ಮೇಲೆ ಬರಬೇಕು. ಒಣಗಿ ನಿಂತ ಬಿಲ್ಲೆ ಚಕ್ಕಳವಾಗುತ್ತದೆ. ಫಾಯಿಲ್ ಮುಚ್ಚಿ, 170 ಡಿಗ್ರಿಯಲ್ಲಿ 35 ನಿಮಿಷ. ಓಟಿಜಿಯಾದರೆ (ಮೇಲೆ, ಕೆಳಗೆ ಬಿಸಿ ರಾಡ್ ಇರುವ ಚಿಕ್ಕ ವಿದ್ಯುತ್ ಓವನ್) ಮಧ್ಯದ ಕಂಬಿ, ಕೆಳಗಿನ ರಾಡ್ ಮಾತ್ರ. ಉಕ್ಕುವುದನ್ನು ಹಿಡಿಯಲು ಅಡಿಯಲ್ಲೊಂದು ತಟ್ಟೆ.

ಆಮೇಲೆ ಫಾಯಿಲ್ ತೆಗೆದು, ಎತ್ತಿಟ್ಟ ನಾಲ್ಕು ಚಮಚ ಮಿಶ್ರಣವನ್ನು ಅರ್ಧ ಚಮಚ ಎಣ್ಣೆಯಲ್ಲಿ ಕಲಸಿ ಮೇಲೆ ತೆಳ್ಳಗೆ ಬಳಿಯಿರಿ. ಎರಡೂ ರಾಡ್ ಹಾಕಿ 190 ಡಿಗ್ರಿಯಲ್ಲಿ 20–25 ನಿಮಿಷ. ಗೋಡಂಬಿಯಲ್ಲಿ ಪ್ರೋಟೀನು, ಸಕ್ಕರೆ ಎರಡೂ ಇರುವುದರಿಂದ ಹಾಲಿನಂತೆಯೇ ಕೆಂಪಾಗುತ್ತದೆ, ಆದರೆ ಮಚ್ಚೆಮಚ್ಚೆಯಾಗಿ, ಅಂಚಿನಲ್ಲಿ ಹೆಚ್ಚು. ಇದನ್ನು ಮೊದಲೇ ಬಳಿದರೆ ಒಳಗೆ ಬೇಯುವ ಮೊದಲು ಮೇಲೆ ಕಂದಿ ಕಹಿಯಾಗುತ್ತದೆ. ಬ್ರೆಡ್ ಪುಡಿ ಉದುರಿಸುವುದು ಸುಲಭದ ದಾರಿ, ನನಗೆ ಹಿಡಿಸುವುದಿಲ್ಲ. ಕೆಳಗಿನ ನಯಕ್ಕೂ ಅದಕ್ಕೂ ಹೊಂದುವುದಿಲ್ಲ.

ಆಯಿತೋ ಇಲ್ಲವೋ ಎಂದು ಅಂಚಿನ ಗುಳ್ಳೆ ನೋಡಿದರೆ ಗೊತ್ತಾಗುತ್ತದೆ. ಮೊದಲು ಚಿಕ್ಕ ಗುಳ್ಳೆಗಳು ಚಟಪಟ ಒಡೆಯುತ್ತಿರುತ್ತವೆ. ಹದಕ್ಕೆ ಬಂದಾಗ ದೊಡ್ಡ ಗುಳ್ಳೆ ನಿಧಾನ ಎದ್ದು, ಪಾಯಸ ಗಟ್ಟಿಯಾಗುವಾಗಿನಂತೆ ‘ಪ್ಲಕ್’ ಎಂದು ಒಡೆಯುತ್ತದೆ. ನಡುಮಧ್ಯಕ್ಕೆ ಚೂರಿ ಚುಚ್ಚಿದರೆ ಬೆಣ್ಣೆಗೆ ಇಳಿದಂತೆ ಇಳಿಯಬೇಕು, ಎತ್ತುವಾಗ ಬಿಲ್ಲೆ ಜೊತೆಗೆ ಬರಬಾರದು.

ಹೊರಗೆ ತೆಗೆದು 20 ನಿಮಿಷ ಮುಟ್ಟಬೇಡಿ. ಬಿಸಿಯಲ್ಲಿ ನೀರಾಗಿ ಕಾಣುವ ರಸ ಆರುತ್ತಾ ಹೊಂದಿಕೊಂಡು ಬಿಲ್ಲೆಗಳನ್ನು ಹಿಡಿಯುತ್ತದೆ. ನೀರಾಯಿತು ಎಂಬ ದೂರು ಬರುವುದು ಹೆಚ್ಚಾಗಿ ಈ ಇಪ್ಪತ್ತು ನಿಮಿಷ ಕಾಯದವರಿಂದ. ಕಾದ ಮೇಲೂ ತಟ್ಟೆಯಲ್ಲಿ ರಸ ಹರಿದರೆ ಬಿಲ್ಲೆ ತೊಳೆದಿದ್ದೀರಿ, ಇಲ್ಲವೇ ಹೂಕೋಸಿನಲ್ಲಿ ನೀರು ಉಳಿದಿತ್ತು.

ಗೋಡಂಬಿ ಒಗ್ಗದವರಿಗೆ ಹೂಕೋಸನ್ನು 300 ಗ್ರಾಂಗೆ ಏರಿಸಿ, ಸಿಹಿ ಸೇರಿಸದ, ಕ್ಯಾಲ್ಸಿಯಂ ಬೆರೆಸದ ಸೋಯಾ ಹಾಲು 150 ಮಿ.ಲೀ. ಮತ್ತು ಎಣ್ಣೆ 2 ದೊಡ್ಡ ಚಮಚದಲ್ಲಿ ರುಬ್ಬಬಹುದು. ನಯ ಕಡಿಮೆ, ಮೇಲ್ಭಾಗ ಮಂಕು, ಆದರೆ ಒಡೆಯುವುದಿಲ್ಲ, ಏಕೆಂದರೆ ಅಷ್ಟೊತ್ತಿಗೆ ಪಿಷ್ಟ ರಸವನ್ನು ಹಿಡಿದಿರುತ್ತದೆ.

ಫ್ರಾನ್ಸಿನಲ್ಲಿ ಇದು ಹುರಿದ ಕುರಿಮಾಂಸದ ಪಕ್ಕಕ್ಕೆ ಬರುತ್ತದೆ. ಮಾಂಸವಿಲ್ಲದ ಊಟಕ್ಕೆ ಸಾಸಿವೆ ಮತ್ತು ವಿನೆಗರ್ ಹಾಕಿದ ಸೊಪ್ಪಿನ ಸಲಾಡ್ ಜೊತೆಗಿಡಿ, ತಡೆದಿಟ್ಟ ಹುಳಿಯೆಲ್ಲ ಅಲ್ಲಿ ಬರಲಿ. ಮಿಕ್ಕದ್ದು ಮಾರನೇ ದಿನಕ್ಕೆ ಗಟ್ಟಿಯಾಗಿ ಬರ್ಫಿಯಂತೆ ಚೌಕ ಕತ್ತರಿಸಲು ಬರುತ್ತದೆ. ಎರಡು ಚಮಚ ನೀರು ಚಿಮುಕಿಸಿ, ಮುಚ್ಚಿ, 160 ಡಿಗ್ರಿಯಲ್ಲಿ 20 ನಿಮಿಷ ಬಿಸಿ ಮಾಡಿ.