ಆಡು ನುಸುಳದ ಜೀವಬೇಲಿ: ನಾವು ಕಟ್ಟುವ ಬಗೆ

ಆಡು ಬೇಲಿಯನ್ನು ಹಾರುವ ಮೊದಲು ಬಗ್ಗಿ ನೋಡುತ್ತದೆ. ನೆಲದಿಂದ ಒಂದೂವರೆ ಅಡಿಯೊಳಗೆ ತಲೆ ತೂರುವಷ್ಟು ಸಂದು ಸಿಕ್ಕರೆ ಮುಗಿಯಿತು, ಮೇಲೆ ಆಳೆತ್ತರ ಹಸಿರಿದ್ದರೂ ದಂಡ. ತುಮಕೂರು, ಚಿತ್ರದುರ್ಗದ ಕಡೆಯ ಕೆಂಪು ಮಣ್ಣಿನಲ್ಲಿ, ಮಳೆಯನ್ನೇ ನಂಬಿ, ಊರಿನ ಗಿಡಗಳಿಂದಲೇ ಬುಡ ಒತ್ತಾಗಿ ಬರುವಂತೆ ಬೇಲಿ ಹಾಕುವ ಕ್ರಮ ಇದು.

ಹೊರಸಾಲಿಗೆ ಮುಳ್ಳಿನವು: ಕವಳೆ, ಕಾರೆ. ಒಳಸಾಲಿಗೆ ಲಕ್ಕಿ, ಬಂದರಿಕೆ, ಆಡುಸೋಗೆ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುವ ಗಾದೆಗೆ ಈ ಮೂರೇ ಉತ್ತರ. ತೀರಾ ಹಸಿದರೆ ಹೊರತು ಬಾಯಿ ಹಾಕುವುದಿಲ್ಲ. ಗಜ್ಜುಗವನ್ನು ಮೂಲೆಗಳಿಗೆ ಮತ್ತು ದನ ನುಗ್ಗುವ ಜಾಗಕ್ಕೆ ಮಾತ್ರ ಹಾಕುತ್ತೇವೆ. ಸಾಲುದ್ದಕ್ಕೂ ಹಾಕಿದರೆ ಎರಡು ವರ್ಷದಲ್ಲಿ ಉಳಿದೆಲ್ಲ ಗಿಡಗಳ ಮೇಲೆ ಹತ್ತಿ ಕೂರುತ್ತದೆ, ಆಮೇಲೆ ಕತ್ತರಿಸಲು ಹತ್ತಿರ ಹೋಗುವುದೇ ಕಷ್ಟ.

ಒಂದು ಎಕರೆ ಚೌಕಾಕಾರದ ಜಮೀನಿನ ಸುತ್ತಳತೆ ಸುಮಾರು 835 ಅಡಿ. ಎರಡು ಸಾಲು, ಸಾಲಿನ ನಡುವೆ 2 ಅಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ, ಎದುರುಬದುರಾಗದಂತೆ ಓರೆಯಾಗಿ. ಅಲ್ಲಿಗೆ 1,100ಕ್ಕೂ ಹೆಚ್ಚು ಗಿಡ ಬೇಕು. ಸಾಯುವ ಲೆಕ್ಕ ಹಿಡಿದು 1,300 ತಯಾರು ಮಾಡಿಕೊಳ್ಳಿ. ಬೇಲಿ ಬಲಿತಾಗ 4 ಅಡಿ ಅಗಲವಾಗುತ್ತದೆ, ಹಾಗಾಗಿ ಹೊರಸಾಲನ್ನು ಗಡಿಕಲ್ಲಿನಿಂದ 3 ಅಡಿ ಒಳಗೇ ಇಡುವುದು ಒಳ್ಳೆಯದು.

ಬೀಜದ ಕೆಲಸ ಹಿಂದಿನ ವರ್ಷವೇ ಶುರು. ಕವಳೆ ಹಣ್ಣು ಕಪ್ಪಾದ ಕೂಡಲೇ ಕಿವುಚಿ, ತಿರುಳು ತೊಳೆದು, ಎರಡು ಮೂರು ದಿನದೊಳಗೆ ಮಣ್ಣು ತುಂಬಿದ ಸಸಿಚೀಲಕ್ಕೆ ಊರಬೇಕು. ಒಣಗಿಸಿ ಡಬ್ಬಿಯಲ್ಲಿಟ್ಟ ಬೀಜ ಹುಟ್ಟುವುದು ಅನುಮಾನ. ಬಂದರಿಕೆ ಬೀಜದ ಸಿಪ್ಪೆ ಗಟ್ಟಿ. ಕುದಿಸಿ ಒಲೆಯಿಂದಿಳಿಸಿದ ನೀರಿಗೆ ಸುರಿದು, ರಾತ್ರಿಯಿಡೀ ಅದರಲ್ಲೇ ಬಿಡುತ್ತೇವೆ. ಗಜ್ಜುಗವನ್ನು ಕಲ್ಲಿಗೆ ಉಜ್ಜಬೇಕು, ಮಕ್ಕಳು ಬಿಸಿ ಮಾಡಿ ಪಕ್ಕದವರ ಕೈಗೆ ತಾಗಿಸುತ್ತಾರಲ್ಲ, ಹಾಗೆ. ಒಳಗಿನ ಬೇರೆ ಬಣ್ಣ ಕಂಡರೆ ಸಾಕು, ಒಂದು ದಿನ ನೆನೆಹಾಕಿ ಊರಿ.

ಲಕ್ಕಿ, ಆಡುಸೋಗೆಗೆ ಕಡ್ಡಿಯೇ ಸಾಕು. ಹೆಬ್ಬೆರಳು ದಪ್ಪ, ಒಂದೂವರೆ ಅಡಿ ಉದ್ದ, ಬುಡ ಓರೆಗತ್ತರಿ, ಮೂರು ಗೆಣ್ಣು ಮಣ್ಣಿನೊಳಗೆ. ಹಾರೆಯಿಂದ ತೂತು ಮಾಡಿ ಇಳಿಸಿ, ಕಾಲಿನಿಂದ ಗಟ್ಟಿಯಾಗಿ ತುಳಿಯಬೇಕು. ಸುತ್ತ ಗಾಳಿ ನಿಂತರೆ ಕಡ್ಡಿ ಚಿಗುರಿದಂತೆ ಮಾಡಿ ಒಣಗುತ್ತದೆ: ಮೊದಲ ಎಲೆ ಕಡ್ಡಿಯಲ್ಲಿದ್ದ ಸತ್ವದಿಂದ ಬಂದದ್ದು, ಬೇರಿನಿಂದಲ್ಲ. ಒಣ ಹುಲ್ಲನ್ನು ಕಡ್ಡಿಗೆ ತಾಗಿಸಿ ಮುಚ್ಚಿದರೆ ಗೆದ್ದಲಿಗೆ ಕರೆದು ಊಟ ಹಾಕಿದ ಹಾಗೆ. ಒಂದು ಗೇಣು ಬಿಟ್ಟು ಹರಡಿ, ಗುಂಡಿಗೆ ಒಂದು ಹಿಡಿ ಬೇವಿನ ಹಿಂಡಿ ಹಾಕಿ.

ಹೊಸಬರು ಎಡವುವುದು ಹೊತ್ತಿನ ವಿಷಯದಲ್ಲಿ. ಮೃಗಶಿರ ಮಳೆ ಬಂದಿತೆಂದು ಎಲ್ಲವನ್ನೂ ನೆಟ್ಟುಬಿಟ್ಟರೆ, ಜುಲೈ ತಿಂಗಳ ಒಣಗಾಳಿಗೆ ಅರ್ಧ ಹೋಗುತ್ತದೆ. ಜೂನ್‌ನಲ್ಲಿ ನಾವು ಗಡಿಗುಂಟ ಒಂದೂವರೆ ಅಡಿ ಅಗಲ, ಅಷ್ಟೇ ಆಳದ ಕಾಲುವೆ ತೆಗೆದು, ಮಣ್ಣನ್ನು ಒಳಬದಿಗೆ ಬದುವಾಗಿ ಹಾಕಿ ಸುಮ್ಮನಿರುತ್ತೇವೆ. ನಾಟಿ ಹುಬ್ಬೆ, ಉತ್ತರೆ ಮಳೆಗೆ, ಅಂದರೆ ಸೆಪ್ಟೆಂಬರ್ ಹೊತ್ತಿಗೆ. ಹಿಂದೆಯೇ ಹಸ್ತ, ಚಿತ್ತೆ ಬರುವುದರಿಂದ ಬೇರು ಇಳಿಯಲು ಹೊತ್ತು ಸಿಗುತ್ತದೆ. ಗಿಡ ಕೂರಬೇಕಾದದ್ದು ಬದುವಿನ ನೆತ್ತಿಯಲ್ಲಲ್ಲ, ಒಳ ಇಳಿಜಾರಿನ ಬುಡದಲ್ಲಿ; ತೇವ ನಿಲ್ಲುವುದು ಅಲ್ಲೇ.

ಒಂದೊಂದೇ ಗಿಡವನ್ನು ಸರದಿಯಂತೆ ಬೆರೆಸುವ ಅಂದ ಕಾಗದದ ಮೇಲೆ ಚೆನ್ನ. ಕವಳೆ ವರ್ಷಕ್ಕೆ ಒಂದಡಿ ಏಳುವಷ್ಟರಲ್ಲಿ ಲಕ್ಕಿ ತಲೆ ಮೀರಿ ನೆರಳು ಹಾಕಿರುತ್ತದೆ. ಆದ್ದರಿಂದ ಒಂದೇ ಜಾತಿಯ ಐದಾರು ಗಿಡ ಒಟ್ಟಿಗೆ ಇರಲಿ, ಕವಳೆ ಗುಂಪಿನ ಹಿಂದೆ ಲಕ್ಕಿಯ ಬದಲು ಬಂದರಿಕೆ ಇರಲಿ.

ಮೊದಲೆರಡು ವರ್ಷ ಒಣ ಮುಳ್ಳಿನ ಕಾವಲು ಬೇಕೇ ಬೇಕು. ಬಳ್ಳಾರಿ ಜಾಲಿ ಕೊಂಬೆ ಧಾರಾಳ ಸಿಗುತ್ತದೆ, ಆದರೆ ಕಾಯಿ ಇಲ್ಲದ್ದನ್ನೇ ತನ್ನಿ. ಬೀಜ ಬಿದ್ದರೆ ಬೇಲಿಯ ಜೊತೆ ಅದನ್ನೂ ಸಾಕಿದಂತೆ.

ಇನ್ನು ಕತ್ತರಿ. ಲಕ್ಕಿ ಸೊಂಟದುದ್ದ ಬಂದಾಗ ನೆಲದಿಂದ ಒಂದು ಗೇಣು ಬಿಟ್ಟು ಸವರಬೇಕು. ಬೆಳೆದದ್ದನ್ನು ಕಡಿಯಲು ಕೈ ಬಾರದೆ ಬಿಟ್ಟವರ ಬೇಲಿಯೇ ಕೆಳಗೆ ಬೋಳಾಗುವುದು. ಬುಡದಿಂದ ನಾಲ್ಕೈದು ಕವಲೊಡೆದ ಮೇಲೆ, ಎಳೆಯ ಕವಲುಗಳನ್ನು ಅಡ್ಡಕ್ಕೆ ಬಗ್ಗಿಸಿ ಪಕ್ಕದ ಗಿಡಕ್ಕೆ ಕತ್ತಾಳೆ ನಾರಿನಿಂದ ಕಟ್ಟುತ್ತೇವೆ. ಕವಳೆಗೆ ಎರಡನೇ ಮಳೆಗಾಲದವರೆಗೆ ಕತ್ತರಿ ಇಲ್ಲ, ಆಮೇಲೂ ತುದಿ ಚಿವುಟುವುದಷ್ಟೇ. ಬುಡ ಅಗಲ, ನೆತ್ತಿ ಕಿರಿದು ಇರುವಂತೆ ಸವರಿ. ನೆತ್ತಿ ಹರಡಿದರೆ ಕೆಳಗಿನ ಎಲೆ ಬೆಳಕಿಲ್ಲದೆ ಉದುರುತ್ತದೆ. 5 ಅಡಿ ಎತ್ತರ ಸಾಕು.

ಮರ ಬೇಕೆಂದರೆ ಹೊಂಗೆ, ಬೇವು, 12ರಿಂದ 15 ಅಡಿಗೊಂದು, ಉತ್ತರದ ಗಡಿಯಲ್ಲಿ. ವರ್ಷದ ಬಹುಭಾಗ ನೆರಳು ಹೊರಗೆ ಬೀಳುತ್ತದೆ. ಅತ್ತ ರಸ್ತೆಯೋ ಖರಾಬೋ ಇದ್ದರೆ ಸರಿ, ಪಕ್ಕದವರ ರಾಗಿ ಹೊಲವಿದ್ದರೆ ಮೊದಲು ಮಾತಾಡಿಕೊಳ್ಳಿ.

ಮೂರನೇ ವರ್ಷ ಕಾಣುವ ಸಂದಿಗೆ ಹೊಸ ಸಸಿ ತುರುಕಿ ಪ್ರಯೋಜನವಿಲ್ಲ, ಅಕ್ಕಪಕ್ಕದ ಬೇರು ಮತ್ತು ನೆರಳಿನಲ್ಲಿ ಅದು ಮೇಲೇಳುವುದಿಲ್ಲ. ಹತ್ತಿರದ ಲಕ್ಕಿಯ ಒಂದು ಉದ್ದ ಕವಲನ್ನು ಮಳೆಗಾಲದಲ್ಲಿ ನೆಲಕ್ಕೆ ಬಗ್ಗಿಸಿ, ತಾಗುವ ಕಡೆ ತೊಗಟೆ ಸ್ವಲ್ಪ ಕೆರೆದು, ಕವೆಗೋಲು ಹೊಡೆದು ಮಣ್ಣು ಮುಚ್ಚಿ. ತಾಯಿಗಿಡದ ಆಸರೆಯಲ್ಲೇ ಬೇರು ಬಿಡುತ್ತದೆ. ಮುಂದಿನ ಮುಂಗಾರಿನವರೆಗೆ ಅದನ್ನು ಬೇರ್ಪಡಿಸಬೇಡಿ.